ಮೊದಲು ಪ್ರಯೋಗ, ಆಮೇಲೆ ಯಂತ್ರ

(ಉಲ್ಲಾಳ ಸುತ್ತಮುತ್ತಲಿನ ಮಹಿಳಾ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ನಮ್ಮ ಕಾರ್ಯಕರ್ತೆಯರು ಸಂಘದ ಸಭೆಗಳಿಗೆ ಹೋಗಿ ಬಂದಾಗಲೆಲ್ಲ ಇತ್ತೀಚೆಗೆ ಒಂದೇ ಪ್ರಶ್ನೆ ಹೊತ್ತುಕೊಂಡು ಬರುತ್ತಿದ್ದಾರೆ. "ಪರಿಸರಕ್ಕೆ ಒಳ್ಳೇದಾದ ವಸ್ತು ತಯಾರು ಮಾಡಿದ್ರೆ ಸರ್ಕಾರ ದುಡ್ಡು ಕೊಡುತ್ತಂತೆ, ನಿಜಾನಾ ಸಿಸ್ಟರ್?" ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಅಡಿಕೆ ಹಾಳೆ ತಟ್ಟೆಯ ಯಂತ್ರಕ್ಕೆ ನೂರಕ್ಕೆ ತೊಂಬತ್ತು ಸಬ್ಸಿಡಿ ಕೊಡಿಸುತ್ತೇವೆ, ಕಾಗದಪತ್ರವೆಲ್ಲ ನಾವೇ ಮಾಡಿಸುತ್ತೇವೆ, ತಲೆಗೆ ಹದಿನೈದು ಸಾವಿರ ಮುಂಗಡ ಕೊಡಿ ಎಂದು ಒಬ್ಬರು ಕೆಲವು ಸಂಘಗಳಿಗೆ ಬಂದು ಹೇಳಿ ಹೋಗಿದ್ದಾರೆ. ಎರಡು ಸಂಘಗಳಲ್ಲಿ ಉಳಿತಾಯದ ಹಣ ತೆಗೆಯಲು ಠರಾವೂ ಬರೆದಾಗಿದೆ. ಹಣ ಇನ್ನೂ ಬ್ಯಾಂಕಿನಲ್ಲೇ ಇದೆ. ಅದಕ್ಕೇ ಈ ದಿನ ಈ ವಿಷಯ ಆರಿಸಿಕೊಂಡಿದ್ದೇವೆ.

ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇವೆ. ಸರ್ಕಾರದ ಹಣ ಇರುವುದು ನಿಜ. ಆದರೆ ಬಡ ಹೆಣ್ಣುಮಕ್ಕಳ ಕೈಗೆ ಎಟುಕುವ ಹೆಚ್ಚಿನ ಯೋಜನೆಗಳು ಯಂತ್ರಕ್ಕೆ ಹಣ ಕೊಡುತ್ತವೆ, ಅದೂ ಬ್ಯಾಂಕ್ ಸಾಲದ ಬೆನ್ನಿಗೆ ಅಂಟಿಕೊಂಡು ಬರುತ್ತದೆ. "ಈ ವಸ್ತು ಆಗುತ್ತದೆಯೇ, ಕೊಳ್ಳುವವರು ಇದ್ದಾರೆಯೇ" ಎಂದು ನೋಡುವ ಪ್ರಯೋಗಕ್ಕೆ ನಮ್ಮಂಥವರಿಗೆ ಹಣ ಸಿಗುವುದು ಬಹಳ ಕಡಿಮೆ. ಪ್ರಯೋಗ ಮಾಡದೆ ಯಂತ್ರ ತಂದವರ ಮನೆಯಲ್ಲಿ ಯಂತ್ರ ಇರುತ್ತದೆ, ಕಂತೂ ಇರುತ್ತದೆ, ಕೆಲಸ ಇರುವುದಿಲ್ಲ.

ಪ್ರಯೋಗದ ಹಣ ಅಂದರೆ ಏನು ಅಂತ ತಿಳಿಯಲು ದೂರ ಹೋಗಬೇಕಿಲ್ಲ. ನೀವು ಕೂತಿರುವ ಈ ಸಂಘವೇ ಒಂದು ಕಾಲದಲ್ಲಿ ಪ್ರಯೋಗವಾಗಿತ್ತು. ಬೆಂಗಳೂರಿನ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ಸಣ್ಣ ಸಣ್ಣ ಸಾಲ ನಿರ್ವಹಣಾ ಗುಂಪುಗಳನ್ನು ಕಟ್ಟಿ ನೋಡುತ್ತಿತ್ತು. 1987ರಲ್ಲಿ ನಬಾರ್ಡ್ ತನ್ನ ಸಂಶೋಧನೆ ಮತ್ತು ಅಭಿವೃದ್ಧಿ ನಿಧಿಯಿಂದ ಅದಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ಹೆಣ್ಣುಮಕ್ಕಳು ವಾರಕ್ಕೆ ಐದು ಹತ್ತು ರೂಪಾಯಿ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಂಡರೆ ವಾಪಸ್ ಬರುತ್ತದೆಯೇ ಎಂದು ನೋಡುವುದಕ್ಕೆ ಕೊಟ್ಟ ಹಣ ಅದು. ಬಂತು. 1992ರಲ್ಲಿ 500 ಸಂಘಗಳ ಗುರಿ ಇಟ್ಟು ಬ್ಯಾಂಕ್ ಜೋಡಣೆ ಪರೀಕ್ಷೆ ಮಾಡಿದರು. 2000ದಲ್ಲಿ ನಮ್ಮ ರಾಜ್ಯ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಮೊದಲೇ ಲಕ್ಷಾಂತರ ಸಂಘ ಕಟ್ಟಿ ಆಮೇಲೆ ಯೋಚಿಸಿದ್ದರೆ ಏನಾಗುತ್ತಿತ್ತು ಅಂತ ನೀವೇ ಊಹಿಸಿ.

ಅಮೆರಿಕದಲ್ಲಿ 1982ರಲ್ಲಿ ಇದಕ್ಕೆಂದೇ ಒಂದು ಕಾನೂನು ಮಾಡಿದರು. ದೊಡ್ಡ ದೊಡ್ಡ ಸರ್ಕಾರಿ ಇಲಾಖೆಗಳು ತಮ್ಮ ಸಂಶೋಧನೆಯ ಹಣದಲ್ಲಿ ಒಂದು ಪಾಲನ್ನು ಸಣ್ಣ ಉದ್ಯಮಗಳಿಗೆ ಎತ್ತಿಡಬೇಕು. ಅಲ್ಲಿನ ಪರಿಸರ ಇಲಾಖೆಯೂ ಹೀಗೆ ಕೊಟ್ಟಿದೆ. ಕೊಡುವ ಕ್ರಮ ಗಮನಿಸಿ. ಮೊದಲ ಹಂತದಲ್ಲಿ ಆಲೋಚನೆ ನಡೆಯುತ್ತದೆಯೇ ಎಂದು ನೋಡಲು ಸ್ವಲ್ಪ ಹಣ, ಕೆಲವು ತಿಂಗಳ ಸಮಯ. ಅದರಲ್ಲಿ ಪಾಸಾದವರಿಗೆ ಮಾತ್ರ ಎರಡನೇ ಹಂತದ ದೊಡ್ಡ ಹಣ. ನಮ್ಮಲ್ಲಿ ಸಂಘದ ಹೆಣ್ಣುಮಗಳಿಗೆ ನೇರವಾಗಿ ಎರಡನೇ ಹಂತದ ಅರ್ಜಿ ಕೈಗೆ ಕೊಡುತ್ತಾರೆ.

ಇನ್ನು ಹಸಿರು ಉದ್ಯಮ ಎಂಬ ಮಾತು. ಮಂಗಳೂರು ಕಡೆಯಿಂದ ಬಂದ ನಮಗೆ ಉಲ್ಲಾಳ ಅಂದರೆ ರಾಣಿ ಅಬ್ಬಕ್ಕನ ಉಲ್ಲಾಳ, ಕಡಲು. ಈ ಉಲ್ಲಾಳದವರಿಗೆ ಕಡಲಿಲ್ಲ, ಕೆರೆ ಇದೆ, ಕೆಂಗೇರಿ ಕಡೆ ಹೋದರೆ ವೃಷಭಾವತಿ ಇದೆ. ಮೈಸೂರು ರಸ್ತೆ ಬಸ್ಸಿನಲ್ಲಿ ಹೋಗುವಾಗ ಸೆರಗು ಮೂಗಿಗೆ ಹಿಡಿಯುವ ಜಾಗ ಎಲ್ಲರಿಗೂ ಗೊತ್ತು. ಹಿಂದೆ ಅದು ನದಿ. ನಗರದ ಚರಂಡಿ ನೀರಿನ ಜೊತೆಗೆ ಬಣ್ಣ ಹಾಕುವ, ಲೋಹಕ್ಕೆ ಲೇಪನ ಕೊಡುವ ಸಣ್ಣ ಕಾರ್ಖಾನೆಗಳ ನೀರೂ ಅದಕ್ಕೆ ಸೇರಿ ಬಿಡದಿ ಕಡೆಯ ಬೈರಮಂಗಲ ಕೆರೆಗೆ ಹೋಗುತ್ತದೆ. ಪೀಣ್ಯದಲ್ಲಿ ಅಂತರ್ಜಲಕ್ಕೇ ಕ್ರೋಮಿಯಂ ಇಳಿದಿದೆ. ವಸ್ತು ತಯಾರಿಸುವಾಗ ನೀರು, ಗಾಳಿ, ಮಣ್ಣು ಕೆಡದ ಹಾಗೆ, ಕರೆಂಟು ಕಡಿಮೆ ಖರ್ಚಾಗುವ ಹಾಗೆ, ಉಳಿದದ್ದು ಕಸವಾಗದ ಹಾಗೆ ಕೆಲಸದ ರೀತಿ ಬದಲಿಸುವುದೇ ಹಸಿರು ಉತ್ಪಾದನೆ. ಹಸಿರು ಬಣ್ಣದ ಲೇಬಲ್ ಅಂಟಿಸಿದರೆ ಆಗುವುದಿಲ್ಲ.

ಹೊಸ ವಸ್ತುವನ್ನೇ ಹುಡುಕಬೇಕು ಅಂತ ಏನಿಲ್ಲ, ಈಗ ಮಾಡುತ್ತಿರುವ ಕೆಲಸದಲ್ಲೇ ನೋಡಿ. ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ವಿಜಯನಗರದ ಹಳೇ ಬೀದಿಗಳಿಂದ ಹಿಡಿದು ಈ ಕಡೆಯ ತನಕ ಎಷ್ಟು ಮನೆಗಳಲ್ಲಿ ಊದುಬತ್ತಿ ಹೊಸೆದು ಮಕ್ಕಳನ್ನು ಓದಿಸಿದ್ದಾರೆ! ಇಲ್ಲೇ ಕೂತಿರುವ ಹಿರಿಯರ ಅಂಗೈ ನೋಡಿದರೆ ಗೊತ್ತಾಗುತ್ತದೆ. ಇದ್ದಿಲು ಪುಡಿ, ಮರದ ಪುಡಿ, ಜಿಗಟು ಕಲಸಿ ಸಾವಿರಕ್ಕೆ ಇಷ್ಟು ಅಂತ ಕೂಲಿ. ಮಣೆಯ ಪಕ್ಕದಲ್ಲೇ ಮಗು ಮಲಗಿರುತ್ತದೆ, ಅದೇ ಪುಡಿ ಅದರ ಮೂಗಿಗೂ ಹೋಗುತ್ತದೆ. ಆಮೇಲೆ ಯಂತ್ರ ಬಂತು, ಹೊರದೇಶದ ಕಚ್ಚಾ ಬತ್ತಿ ಬಂತು, ಕೈಕೆಲಸ ಕಡಿಮೆಯಾಯಿತು. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಊದುಬತ್ತಿ ಆಮದಿಗೆ ನಿರ್ಬಂಧ ಹಾಕಿತು, 2020ರಲ್ಲಿ ಬಿದಿರು ಕಡ್ಡಿಯ ಆಮದು ಸುಂಕ 10ರಿಂದ 25 ಶೇಕಡಾಕ್ಕೆ ಏರಿಸಿತು, ಅದೇ ವರ್ಷ ಖಾದಿ ಆಯೋಗದ ಮೂಲಕ ಯಂತ್ರ ಕೊಡುವ ಯೋಜನೆ ತಂದಿತು. ಕೆಲಸ ಉಳಿಸುವ ಪ್ರಯತ್ನವೇನೋ ಸರಿ. ಇದ್ದಿಲು ಮಾತ್ರ ಇದ್ದಲ್ಲೇ ಇದೆ.

ಉತ್ತರಪ್ರದೇಶದ ಕಾನ್ಪುರದಲ್ಲಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ದೇವಸ್ಥಾನಗಳಲ್ಲಿ ಪೂಜೆಯಾದ ಹೂವು ಗಂಗಾ ನದಿ ಸೇರುತ್ತಿತ್ತು. ಆ ಹೂವನ್ನು ತಂದು, ಬಿಡಿಸಿ, ಒಣಗಿಸಿ, ಪುಡಿ ಮಾಡಿ ಇದ್ದಿಲಿಲ್ಲದ ಊದುಬತ್ತಿ ಮಾಡಿದರು. 'ಫೂಲ್' ಎಂಬ ಹೆಸರಿನಲ್ಲಿ ಅದು ಮಾರಾಟವಾಗುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರಿಗೆ ಐಐಟಿ ಕಾನ್ಪುರದ ಉದ್ಯಮ ಪೋಷಣಾ ಕೇಂದ್ರದ ಆಸರೆ ಇತ್ತು. ಅಂದರೆ ಒಂದು ಪ್ರಯೋಗಶಾಲೆ, ತಪ್ಪು ಮಾಡಿ ನೋಡುವ ಅವಕಾಶ, ಸ್ವಲ್ಪ ಕಾಲಾವಕಾಶ ಇತ್ತು.

ನಮ್ಮ ಕೃಷ್ಣರಾಜ ಮಾರುಕಟ್ಟೆಯಲ್ಲಿ ಹೂವಿಗೆ ಬರವಿಲ್ಲ. ಹಾಗಂತ ನಾಳೆ ಬೆಳಗ್ಗೆ ಹೂವಿನ ಬತ್ತಿ ಮಾಡಬಹುದೇ? ಒಂದು ಸಂಘದ ಆರು ಜನ ಸೇರಿ ಮಾಡಿ ನೋಡುವುದು ಅಂತ ಇಟ್ಟುಕೊಳ್ಳೋಣ. ಹೂವು ತಂದ ದಿನವೇ ಬಿಡಿಸಬೇಕು, ಮಾರನೇ ದಿನಕ್ಕೆ ಕೊಳೆಯುತ್ತದೆ. ಹಾರದೊಳಗಿನ ದಾರ, ಜರಿ, ಪ್ಲಾಸ್ಟಿಕ್ ಎಳೆ ಪೂರ್ತಿ ತೆಗೆಯಬೇಕು, ಅದು ಬತ್ತಿಯಲ್ಲಿ ಸೇರಿದರೆ ಇದ್ದಿಲಿಗಿಂತ ಕೆಟ್ಟ ಹೊಗೆ. ಚೆಂಡುಹೂವು ಒಂದು ಥರ ಒಣಗುತ್ತದೆ, ಸೇವಂತಿಗೆ ಒಂದು ಥರ, ಗುಲಾಬಿ ಬೇರೆ. ಬುಟ್ಟಿ ತುಂಬಾ ಹೂವು ಒಣಗಿದರೆ ಬೊಗಸೆಯಷ್ಟಾಗುತ್ತದೆ. ಪುಡಿ ಮಾಡಲು ರಾಗಿ ಗಿರಣಿಗೆ ಒಯ್ದರೆ ಅವರು ಹಿಟ್ಟಿನ ಕಲ್ಲಿಗೆ ಹೂವು ಹಾಕಲು ಬಿಡುವುದಿಲ್ಲ, ಬಿಡಬಾರದು ಕೂಡ. ಹೂವಿನ ಪುಡಿ ಎಷ್ಟು, ಜಿಗಟು ಎಷ್ಟು? ಒಂದು ಪಾಲು ಹೆಚ್ಚಾದರೆ ಕಡ್ಡಿಗೆ ಹಿಡಿಯುವುದಿಲ್ಲ, ಹಿಡಿದರೆ ಅರ್ಧಕ್ಕೇ ಆರಿಹೋಗುತ್ತದೆ. ಮಳೆಗಾಲದಲ್ಲಿ ಬೂಷ್ಟು. ಇದನ್ನೆಲ್ಲ ಐದಾರು ಬಾರಿ ಮಾಡಿ, ಪ್ರತಿ ಬಾರಿ ಎಷ್ಟು ಹಾಕಿದೆವು, ಎಷ್ಟು ಹೊತ್ತು ಉರಿಯಿತು ಅಂತ ಒಂದು ಪುಸ್ತಕದಲ್ಲಿ ಬರೆದು, ಅಕ್ಕಪಕ್ಕದ ಹತ್ತು ಮನೆಗೆ ಕೊಟ್ಟು, ಅದರಲ್ಲಿ ಎಷ್ಟು ಮನೆಯವರು ದುಡ್ಡು ಕೊಟ್ಟು ಎರಡನೇ ಬಾರಿ ಕೇಳಿದರು ಅಂತ ನೋಡುವುದಕ್ಕೆ ಯಂತ್ರ ಬೇಕಾಗಿಲ್ಲ. ಕಡ್ಡಿ, ಜಿಗಟು, ಬಸ್ಸು, ಚೀಲ ಎಲ್ಲ ಸೇರಿ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಆಗದಿದ್ದರೆ ಹೋದದ್ದು ಆ ಕೆಲವು ಸಾವಿರ ಮಾತ್ರ.

ಎರಡನೇ ಉದಾಹರಣೆ ಬಟ್ಟೆ ಚೀಲ. 2016ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ಎಲ್ಲವನ್ನೂ ರಾಜ್ಯದಾದ್ಯಂತ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಿದರು. ಎರಡು ಸಲವೂ ಟೈಲರಿಂಗ್ ಗೊತ್ತಿರುವ ಸಂಘಗಳಲ್ಲಿ ಹಬ್ಬದ ಸಂಭ್ರಮ. ಆದರೆ ಅಂಗಡಿಯವರು ತರಿಸಿಕೊಂಡದ್ದು ಬಟ್ಟೆಯ ಹಾಗೇ ಕಾಣುವ 'ನಾನ್ ವೋವನ್' ಚೀಲ. ಕೆಲವು ಸಂಘದವರು ಅದನ್ನೇ ತಂದು ಹೊಲಿದು "ಪರಿಸರ ಸ್ನೇಹಿ" ಅಂತ ಮಾರಿದರು. ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿ, ಕರಗಿ ತೊಟ್ಟಿಕ್ಕುತ್ತದೆ. ಅದು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕೇಂದ್ರದ ನಿಯಮದಂತೆ 2021ರ ಸೆಪ್ಟೆಂಬರ್ 30ರಿಂದ ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲ ಮಾಡುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ. ಇದು ಗೊತ್ತಿಲ್ಲದೆ ಸಾಲ ಮಾಡಿ ಸರಕು ತುಂಬಿಸಿಕೊಂಡರೆ ಅಧಿಕಾರಿಗಳು ಬಂದು ಎತ್ತಿಕೊಂಡು ಹೋದಾಗ ಯಾರಿಗೆ ಹೇಳುವುದು?

ನಿಜವಾದ ಹತ್ತಿಬಟ್ಟೆ ಚೀಲದ ಕಷ್ಟ ಬೇರೆ. ತರಕಾರಿ ಗಾಡಿಯವರು ಹತ್ತು ರೂಪಾಯಿ ಸೊಪ್ಪಿಗೆ ಹತ್ತು ರೂಪಾಯಿ ಚೀಲ ಕೊಡಲು ಸಾಧ್ಯವೇ ಇಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಮದುವೆ ಮನೆಯ ತಾಂಬೂಲದ ಚೀಲ, ಬಟ್ಟೆ ಅಂಗಡಿಯ ಚೀಲ, ಶಾಲೆಯ ಊಟದ ಚೀಲ, ಇಂಥ ಕಡೆ ಬೆಲೆ ಸಿಗುತ್ತದೆ. ಗಾರ್ಮೆಂಟ್ಸ್ ಕಾರ್ಖಾನೆಗಳಿಂದ ಬರುವ ತುಂಡು ಬಟ್ಟೆಯಿಂದ ಹೊಲಿದರೆ ಬಟ್ಟೆಯ ಖರ್ಚು ಇಳಿಯುತ್ತದೆ, ಕಸವೂ ಕಡಿಮೆಯಾಗುತ್ತದೆ. ತುಂಡುಗಳನ್ನು ಹೇಗೆ ಜೋಡಿಸಿದರೆ ಬೇಗ ಹೊಲಿಯಬಹುದು, ಯಾವ ಅಳತೆಗೆ ಬೇಡಿಕೆ ಇದೆ ಎಂದು ಕಂಡುಹಿಡಿಯುವುದೂ ಆವಿಷ್ಕಾರವೇ. ಆವಿಷ್ಕಾರ ಅಂದಾಕ್ಷಣ ಬಿಳಿ ಕೋಟು ಹಾಕಿದವರೇ ಬೇಕು ಅಂತ ಯಾರು ಹೇಳಿದರು?

ಅಡಿಕೆ ಹಾಳೆ ತಟ್ಟೆಗೆ ಬರೋಣ, ಠರಾವು ಬರೆದಿರುವುದು ಅದಕ್ಕೇ ಅಲ್ಲವಾ? ತಟ್ಟೆ ಒಳ್ಳೆಯದೇ, ಮಣ್ಣಿನಲ್ಲಿ ಕರಗುತ್ತದೆ, ಬಣ್ಣ ರಾಸಾಯನಿಕ ಏನೂ ಹಾಕುವುದಿಲ್ಲ. ಆದರೆ ಹಾಳೆ ಬೀಳುವುದು ತುಮಕೂರು, ದಾವಣಗೆರೆ, ಶಿವಮೊಗ್ಗ ಕಡೆಯ ತೋಟಗಳಲ್ಲಿ. ಉಲ್ಲಾಳದಲ್ಲಿ ಅಡಿಕೆ ತೋಟ ಎಲ್ಲಿದೆ? ಹಾಳೆ ಹಗುರ, ಜಾಗ ಮಾತ್ರ ಬಹಳ ತಿನ್ನುತ್ತದೆ, ಲಾರಿ ಬಾಡಿಗೆಯೇ ಲಾಭ ನುಂಗುತ್ತದೆ. ಬೇಸಗೆಯಲ್ಲಿ ಕೂಡಿಟ್ಟು ಮಳೆಗಾಲ ಕಳೆಯಬೇಕು, ಒದ್ದೆಯಾದರೆ ಬೂಷ್ಟು. ಇನ್ನೂ ಒಂದು ವಿಷಯ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆ ತಟ್ಟೆಯಿಂದ ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಎಂದು ಹೇಳಿ ಅಲ್ಲಿಗೆ ತರಿಸಿಕೊಳ್ಳುವುದನ್ನು ತಡೆಯಿತು. ನಮ್ಮಲ್ಲಿ ಬಳಕೆ ನಡೆದೇ ಇದೆ. ಆದರೂ ಹೊರದೇಶಕ್ಕೆ ಕಳಿಸುತ್ತಿದ್ದವರ ಸರಕು ಒಳಮಾರುಕಟ್ಟೆಗೇ ತಿರುಗಿದರೆ ಬೆಲೆ ಬೀಳುತ್ತದೆ. ತೋಟದ ಊರಿನ ಸಂಘಕ್ಕೆ ಇದು ಆಗಬಹುದು. ನಮಗೆ ಆಗುತ್ತದೆಂದು ನಮಗೆ ತೋರುವುದಿಲ್ಲ, ನೇರವಾಗಿ ಹೇಳುತ್ತೇವೆ.

ಈಗ ಹಣದ ಲೆಕ್ಕ, ಸ್ವಲ್ಪ ಗಮನ ಕೊಟ್ಟು ಕೇಳಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ 2008ರಲ್ಲಿ ಆರಂಭವಾಯಿತು. 2025-26ನೇ ಸಾಲಿನವರೆಗೆ ಎಂದು 2022ರಲ್ಲಿ ಪರಿಷ್ಕರಿಸಿದ ನಿಯಮದಲ್ಲಿ, ವಸ್ತು ತಯಾರಿಸುವ ಹೊಸ ಘಟಕಕ್ಕೆ 50 ಲಕ್ಷದ ತನಕ ಯೋಜನಾ ವೆಚ್ಚ ಇಟ್ಟಿದ್ದರು. ಮಹಿಳೆಯರಿಗೆ ನಗರದಲ್ಲಿ ಶೇಕಡಾ 25, ಗ್ರಾಮಾಂತರದಲ್ಲಿ ಶೇಕಡಾ 35 ಸಹಾಯಧನ. ನಮ್ಮದು ನಗರ, ಆದ್ದರಿಂದ 25. ತೊಂಬತ್ತು ಎಲ್ಲಿಂದ ಬಂತೋ ಆ ಮನುಷ್ಯನನ್ನೇ ಕೇಳಬೇಕು.

ನಾಲ್ಕು ಲಕ್ಷದ ಒಂದು ಘಟಕ ಅಂದುಕೊಳ್ಳಿ. ಮಹಿಳೆಯ ಸ್ವಂತ ಹಣ ಶೇಕಡಾ 5, ಅಂದರೆ 20 ಸಾವಿರ. ಉಳಿದ 3 ಲಕ್ಷ 80 ಸಾವಿರ ಬ್ಯಾಂಕ್ ಕೊಡುತ್ತದೆ. ಸಹಾಯಧನ 1 ಲಕ್ಷ. ಈ ಒಂದು ಲಕ್ಷ ನಿಮ್ಮ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ ನಿಮ್ಮ ಹೆಸರಿನ ಠೇವಣಿಯಾಗಿ ಮೂರು ವರ್ಷ ಬೀಗ ಹಾಕಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಸಾಲಕ್ಕೆ ಬಡ್ಡಿ ಹಾಕುವುದೂ ಇಲ್ಲ. ಮೂರು ವರ್ಷ ಘಟಕ ನಡೆದಿದೆ ಎಂದು ಬಂದು ನೋಡಿದ ಮೇಲೆ ಸಾಲಕ್ಕೆ ಜಮಾ. ಉಳಿದ 2 ಲಕ್ಷ 80 ಸಾವಿರ, ಅದರ ಬಡ್ಡಿ, ನೀವೇ ಕಟ್ಟಬೇಕು. ನಡುವೆ ಘಟಕ ನಿಂತರೆ ಸಹಾಯಧನ ಹಿಂದೆ ಹೋಗಬಹುದು, ಸಾಲ ನಿಮ್ಮ ತಲೆ ಮೇಲೆ ಉಳಿಯುತ್ತದೆ. ಈ ಲೆಕ್ಕ ತಿಳಿದವರು ಹೆದರಿ ಓಡುವುದಿಲ್ಲ, ಮೂರು ವರ್ಷ ನಡೆಯುವಂಥ ಕೆಲಸ ಆರಿಸುತ್ತಾರೆ. ಹತ್ತು ಲಕ್ಷದ ತನಕ ಬ್ಯಾಂಕಿನವರು ಮನೆಪತ್ರ ಅಡವು ಕೇಳುವಂತಿಲ್ಲ ಎಂಬುದೂ ನೆನಪಿರಲಿ. ಅರ್ಜಿ ಹಾಕಲು ಶುಲ್ಕವಿಲ್ಲ. ಮಧ್ಯವರ್ತಿಗಳನ್ನು ನೇಮಿಸಿಲ್ಲ ಎಂದು ಖಾದಿ ಆಯೋಗವೇ ಹೇಳಿದೆ.

ಸಣ್ಣ ಮೊತ್ತ ಸಾಕು ಅನ್ನುವವರಿಗೆ ನಮ್ಮ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಇದೆ. 3 ಲಕ್ಷದ ತನಕ ಬ್ಯಾಂಕ್ ಸಾಲ, ಪರಿಶಿಷ್ಟ ಜಾತಿ ಪಂಗಡದವರಿಗೆ ಅರ್ಧದಷ್ಟು, ಇತರರಿಗೆ ಶೇಕಡಾ 30 ಸಹಾಯಧನ, ಆದಾಯದ ಮಿತಿ ಉಂಟು. ಟೈಲರಿಂಗ್ ಮಾಡುವವರು, ಹೂ ಕಟ್ಟುವವರು, ಬುಟ್ಟಿ ಚಾಪೆ ಹೆಣೆಯುವವರು 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ವಿಚಾರಿಸಿ. ಅದರಲ್ಲಿ ತರಬೇತಿ, ಉಪಕರಣಕ್ಕೆ 15 ಸಾವಿರ, ಆಮೇಲೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ತೀರಿಸಿದರೆ 2 ಲಕ್ಷ ಸಾಲ ಎಂದು ಇಟ್ಟಿದ್ದಾರೆ. ಹದಿನೈದು ಸಾವಿರದ ಉಪಕರಣ ವಾಪಸ್ ಕೊಡಬೇಕಾಗಿಲ್ಲ, ಆದ್ದರಿಂದ ಪ್ರಯೋಗಕ್ಕೆ ತೀರಾ ಹತ್ತಿರದ ಹಣ ಅದೇ. ಹಪ್ಪಳ, ಸಾಂಬಾರ ಪುಡಿ ಮಾಡುವವರಿಗೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆ ಬೇರೆಯೇ ಇದೆ, ಅದರ ಕೇಂದ್ರದ ಶೇಕಡಾ 35ಕ್ಕೆ ನಮ್ಮ ರಾಜ್ಯ ಇನ್ನೂ 15 ಸೇರಿಸಿತು. ಅದರ ಬಗ್ಗೆ ಇನ್ನೊಂದು ದಿನ. ಈ ಯೋಜನೆಗಳ ಅವಧಿ, ಪ್ರಮಾಣ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ದಿನ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಇನ್ನೂ ದೊಡ್ಡ ಯೋಜನೆಗಳಿವೆ. 2022ರ ಏಪ್ರಿಲ್ 28ರಂದು ಆರಂಭವಾದ ಝೆಡ್ ಪ್ರಮಾಣಪತ್ರ, ದೋಷವಿಲ್ಲದ ವಸ್ತು, ಪರಿಸರಕ್ಕೆ ಹಾನಿಯಿಲ್ಲದ ತಯಾರಿ ಎಂಬ ಅರ್ಥದ್ದು. 2023ರ ಡಿಸೆಂಬರ್‌ನಲ್ಲಿ ಬಂದ ಗಿಫ್ಟ್ ಯೋಜನೆಯಲ್ಲಿ ಹಸಿರು ತಂತ್ರಜ್ಞಾನಕ್ಕೆ ತೆಗೆದ ಸಾಲದ ಬಡ್ಡಿಯಲ್ಲಿ ಶೇಕಡಾ 2 ಸರ್ಕಾರ ಹೊರುತ್ತದೆ. ಅದರ ಜೊತೆಗೇ ಬಂದ ಸ್ಪೈಸ್ ಎಂಬುದರಲ್ಲಿ ಪ್ಲಾಸ್ಟಿಕ್, ರಬ್ಬರ್, ಎಲೆಕ್ಟ್ರಾನಿಕ್ ತ್ಯಾಜ್ಯದ ಮರುಬಳಕೆ ಘಟಕಕ್ಕೆ ಯಂತ್ರದ ಬೆಲೆಯ ಕಾಲು ಭಾಗ, ಹನ್ನೆರಡೂವರೆ ಲಕ್ಷದ ತನಕ. ಇವು ನಮ್ಮ ಸಂಘಗಳ ಅಳತೆಗೆ ದೊಡ್ಡ ಅಂಗಿ. ಆದರೆ ನಿಮ್ಮಲ್ಲಿ ಎಷ್ಟು ಜನರ ಯಜಮಾನರು, ಮಕ್ಕಳು ಪೀಣ್ಯ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ? ಆಸಿಡ್ ತೊಟ್ಟಿಯ ಮುಂದೆ ನಿಲ್ಲುವವರು ಅವರು, ಆ ನೀರು ಹರಿದು ಬರುವುದು ನಮ್ಮ ಕೆಂಗೇರಿಗೆ. ಇಂಥ ಯೋಜನೆ ಇದೆಯಂತೆ ಸಾರ್ ಅಂತ ಮಾಲೀಕರ ಕಿವಿಗೆ ಹಾಕುವುದರಲ್ಲಿ ತಪ್ಪೇನಿಲ್ಲ.

ಪ್ರಯೋಗಕ್ಕೆಂದೇ ಸರ್ಕಾರ ಏನೂ ಇಟ್ಟಿಲ್ಲವೇ? ಇಟ್ಟಿದೆ. 2022ರ ಮಾರ್ಚ್‌ನಲ್ಲಿ ಬಂದ ಎಂಎಸ್‌ಎಂಇ ಇನ್ನೊವೇಟಿವ್ ಯೋಜನೆಯಲ್ಲಿ ಒಂದು ಹೊಸ ಆಲೋಚನೆಗೆ 15 ಲಕ್ಷದ ತನಕ ನೆರವಿದೆ. ಅದು ಸಿಗುವುದು ಕಾಲೇಜಿನಂಥ ಒಂದು ಆತಿಥೇಯ ಸಂಸ್ಥೆಯ ಮೂಲಕ. ಕರ್ನಾಟಕ ಸರ್ಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ನೋಂದಾಯಿತ ನವೋದ್ಯಮ ಕಂಪನಿಗಳಿಗೆ 50 ಲಕ್ಷದ ತನಕ ಕೊಟ್ಟಿದೆ. ಅಲ್ಲಿ ಇಂಗ್ಲಿಷಿನಲ್ಲಿ ಪರದೆ ಮೇಲೆ ಚಿತ್ರ ಹಾಕಿ ಮಾತಾಡುವವರೇ ಹೆಚ್ಚು. ಮೂವತ್ತು ವರ್ಷ ಊದುಬತ್ತಿ ಹೊಸೆದ ಕೈಗೆ ಅಲ್ಲಿ ಕುರ್ಚಿ ಇಲ್ಲದಿರುವುದು ನ್ಯಾಯವಲ್ಲ ಎಂದೇ ನಮ್ಮ ಅಭಿಪ್ರಾಯ. ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಮಲ್ಲತ್ತಹಳ್ಳಿಯಲ್ಲಿ ಡಾ. ಅಂಬೇಡ್ಕರ್ ತಾಂತ್ರಿಕ ಕಾಲೇಜು ಇದೆ, ಮೈಸೂರು ರಸ್ತೆಯಲ್ಲಿ ಆರ್.ವಿ. ಕಾಲೇಜು, ಪಕ್ಕದಲ್ಲೇ ಜ್ಞಾನಭಾರತಿ. ಅಲ್ಲಿನ ಮಕ್ಕಳಿಗೆ ಕೊನೇ ವರ್ಷ ಪ್ರಾಜೆಕ್ಟ್ ಬೇಕು, ನಿಮಗೆ ಹೂವು ಒಣಗಿಸುವ ಪೆಟ್ಟಿಗೆ ಬೇಕು. ಇಬ್ಬರನ್ನು ಒಂದೇ ಮೇಜಿನ ಮುಂದೆ ಕೂರಿಸುವ ಕೆಲಸ ನಾವು ಮಾಡುತ್ತೇವೆ. ಆದರೆ ಬರಿಗೈಯಲ್ಲಿ ಹೋದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ನಿಮ್ಮ ಪ್ರಯೋಗದ ಪುಸ್ತಕ ಮತ್ತು ನೀವು ಮಾಡಿದ ವಸ್ತು ಕೈಯಲ್ಲಿರಬೇಕು.

ಒಳ್ಳೆಯ ಕೆಲಸಕ್ಕೂ ಸರ್ಕಾರದ ಹಣ ತಡವಾಗುತ್ತದೆ, ಇದನ್ನೂ ಮುಚ್ಚಿಡುವುದಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡು ಹತ್ತಿರ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ನೇತೃತ್ವದಲ್ಲಿ 1996ರಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘ ಶುರುವಾಯಿತು. ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ. ಹಳ್ಳಿಯ ಹೆಣ್ಣುಮಕ್ಕಳು ನೂಲಿಗೆ ಬಣ್ಣ ಹಾಕಿ, ನೇಯ್ದು, ಹೊಲಿದ ಬಟ್ಟೆ 'ದೇಸಿ' ಅಂಗಡಿಗಳಲ್ಲಿ ಬೆಂಗಳೂರಿನವರೂ ಹುಡುಕಿ ಕೊಳ್ಳುವಂತಾಯಿತು. ಹಸಿರು ಉತ್ಪಾದನೆ ಅಂದರೆ ಇದಕ್ಕಿಂತ ಬೇರೆ ಉದಾಹರಣೆ ಬೇಕೇ? ಅಂಥ ಚರಕ 2020ರಲ್ಲಿ, ಕೋವಿಡ್ ಕಾಲದಲ್ಲಿ, ಹಣದ ಮುಗ್ಗಟ್ಟಿನಿಂದ ಕೆಲಸ ನಿಲ್ಲಿಸುವುದಾಗಿ ಸಾರಿತು. ಮಂಜೂರಾದ ಸರ್ಕಾರಿ ನೆರವು ಕೈಗೆ ಬಾರದ್ದೂ ಒಂದು ಕಾರಣ ಎಂದು ಅವರು ಹೇಳಿದರು. ಇಪ್ಪತ್ತನಾಲ್ಕು ವರ್ಷ ಬೇರು ಬಿಟ್ಟ ಸಂಘಕ್ಕೇ ಹೀಗಾದರೆ, ಮಂಜೂರಾತಿ ಪತ್ರ ನಂಬಿ ಕೈಸಾಲ ಮಾಡುವ ನಮ್ಮ ಹತ್ತು ಜನರ ಗತಿ ಏನು? ಪತ್ರ ಬಂದರೆ ಹಣ ಬಂದ ಹಾಗಲ್ಲ. ಹಣ ಖಾತೆಗೆ ಬೀಳುವ ತನಕ ಬಾಡಿಗೆಗೆ ಶೆಡ್ ಹಿಡಿಯಬೇಡಿ, ಕೂಲಿಗೆ ಜನ ಕರೆಯಬೇಡಿ.

ಆದ್ದರಿಂದ ನಮ್ಮ ಸಲಹೆ ಇಷ್ಟು. ಮೊದಲ ಹಂತದ ಹಣವನ್ನು ನಮ್ಮ ಸಂಘವೇ ಕೊಡಲಿ. ಆಂತರಿಕ ಸಾಲದ ಬಡ್ಡಿಯಿಂದ ಬಂದ ಲಾಭದಲ್ಲಿ ಒಂದು ಸಣ್ಣ ಪಾಲು, ವರ್ಷಕ್ಕೆ ಐದು ಸಾವಿರವೇ ಇರಲಿ, 'ಪ್ರಯೋಗ ನಿಧಿ' ಎಂದು ಪ್ರತ್ಯೇಕ ಬರೆಯಿರಿ. ಸದಸ್ಯರ ಉಳಿತಾಯದ ಅಸಲು ಮುಟ್ಟುವುದು ಬೇಡ. ಅದು ಮಕ್ಕಳ ಫೀಸಿಗೆ, ಆಸ್ಪತ್ರೆಗೆ ಇಟ್ಟದ್ದು, ಹಿರಿಯ ಸದಸ್ಯರು ಈ ಮಾತು ಎತ್ತಿದಾಗ ಕಿರಿಯರು ಮುಖ ಸಿಂಡರಿಸಬೇಡಿ, ಅವರು ಹೇಳುವುದು ಸರಿ. ಪ್ರಯೋಗಕ್ಕೆ ಕೊಟ್ಟ ಹಣ ಸಾಲವಲ್ಲ, ಆಗದಿದ್ದರೆ ವಾಪಸ್ ಕೇಳುವಂತಿಲ್ಲ. ಬದಲಿಗೆ ಲೆಕ್ಕ ಮತ್ತು ಬರಹ ಕೇಳಬೇಕು. ಏನು ಮಾಡಿದರು, ಏನು ಕೆಟ್ಟಿತು, ಯಾರು ಕೊಂಡರು, ಏನೆಂದರು. ಕೆಟ್ಟು ಹೋದ ಪ್ರಯೋಗದ ಪುಸ್ತಕವನ್ನೂ ಒಕ್ಕೂಟಕ್ಕೆ ಕೊಡಿ, ಮುಂದಿನ ಸಂಘ ಅದೇ ಗುಂಡಿಗೆ ಬೀಳದಿರಲಿ. ಎರಡು ಮೂರು ತಿಂಗಳು ನಡೆದು, ಗಿರಾಕಿ ಎರಡನೇ ಬಾರಿ ಬಂದು ಕೇಳಿದರೆ ಆಗ ಯಂತ್ರದ ಮಾತು, ಆಗ ಬ್ಯಾಂಕು. ಮ್ಯಾನೇಜರ್ ಮುಂದೆ ಆ ಪುಸ್ತಕ ಇಟ್ಟರೆ ಅವರೂ ಬೇರೆ ರೀತಿ ಮಾತಾಡುತ್ತಾರೆ. ಸಂಘಗಳ ಜೊತೆ ಬ್ಯಾಂಕಿಗೆ ಹೋದಾಗ ಇದನ್ನು ನಾವು ಕಂಡಿದ್ದೇವೆ.

ಕಾಗದಪತ್ರದ ವಿಷಯ ಎರಡೇ ಮಾತು. ಉದ್ಯಮ್ ನೋಂದಣಿ ಉಚಿತ, 2020ರ ಜುಲೈನಿಂದ ಇದೆ. ಪ್ಯಾನ್, ಜಿಎಸ್‌ಟಿ ಇಲ್ಲದ ಮನೆಕೆಲಸದವರಿಗೆ 2023ರ ಜನವರಿಯಲ್ಲಿ ಉದ್ಯಮ್ ಅಸಿಸ್ಟ್ ಎಂಬ ದಾರಿ ಮಾಡಿದ್ದಾರೆ. ಇನ್ನು ಮಾಲಿನ್ಯ ನಿಯಂತ್ರಣ ಮಂಡಳಿ. ಕೈಗಾರಿಕೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದ್ದರು, 2016ರಲ್ಲಿ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ ಇರುವವಕ್ಕೆ ಬಿಳಿ ಪಟ್ಟಿ ಮಾಡಿದರು. ಬಣ್ಣ ಹಾಕದ ಕೈಮಗ್ಗ ಬಿಳಿ ಪಟ್ಟಿಯಲ್ಲಿದೆ. ಅದೇ ನೂಲಿಗೆ ಮನೆ ಹಿತ್ತಿಲಲ್ಲಿ ರಾಸಾಯನಿಕ ಬಣ್ಣ ಅದ್ದಿ ನೀರು ಮೋರಿಗೆ ಬಿಟ್ಟರೆ ಲೆಕ್ಕವೇ ಬೇರೆ. ಕೆಲಸ ಶುರುಮಾಡುವ ಮೊದಲೇ ನಿಮ್ಮದು ಯಾವ ಪಟ್ಟಿ ಅಂತ ಕೇಳಿಕೊಳ್ಳಿ.

ಕೇಳುವುದು ಎಲ್ಲಿ? ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ. ನಗರ ಜಿಲ್ಲಾ ಕೈಗಾರಿಕಾ ಕೇಂದ್ರ ಅಲ್ಲಿದೆ, ಕೇಂದ್ರ ಸರ್ಕಾರದ ಸಣ್ಣ ಕೈಗಾರಿಕೆ ಅಭಿವೃದ್ಧಿ ಕಚೇರಿ ಅಲ್ಲೇ ಇದೆ, 1983ರಲ್ಲಿ ಶುರುವಾದ ಮಹಿಳಾ ಉದ್ಯಮಿಗಳ ಸಂಘ 'ಅವೇಕ್' ಕೂಡ ಅಲ್ಲಿಯೇ. 2023ರ ಜೂನ್‌ನಿಂದ ನಮಗೆ ಬಸ್ಸಿಗೂ ದುಡ್ಡಿಲ್ಲ. ಹದಿನೈದು ಸಾವಿರ ಕೊಡುವ ಮೊದಲು ಒಂದು ದಿನ ಹೋಗಿ ಬರೋಣ. ಸಂಘಕ್ಕೆ ಇಬ್ಬರಂತೆ ಹೆಸರನ್ನು ಒಕ್ಕೂಟದ ಕಾರ್ಯದರ್ಶಿಯವರಿಗೆ ಬರೆಸಿ, ಒಬ್ಬರು ಹಿರಿಯರು, ಒಬ್ಬರು ಓದು ಬರಹ ಚೆನ್ನಾಗಿ ಬಲ್ಲವರು ಇರಲಿ. ಆಧಾರ್, ಪಾಸ್ ಪುಸ್ತಕ, ಠರಾವು ಪುಸ್ತಕ ತನ್ನಿ. ತಟ್ಟೆ ಯಂತ್ರದ ಆ ಮನುಷ್ಯ ಕೊಟ್ಟ ಕರಪತ್ರ ಯಾರ ಹತ್ತಿರವಾದರೂ ಇದ್ದರೆ ಅದನ್ನೂ ತನ್ನಿ, ಆ ಯೋಜನೆ ಎಲ್ಲಿದೆ ಎಂದು ಅಲ್ಲಿನ ಅಧಿಕಾರಿಗಳನ್ನೇ ಕೇಳೋಣ.